ಅಜ್ಜಿಯ ಕೆಳಗಿನ ಗೆರೆ

ನಮ್ಮ ಮನೆಯಲ್ಲಿ ಅಜ್ಜಿಯನ್ನು ಎರಡು ಬಗೆಯಲ್ಲಿ ಕರೆಯಬೇಕಿತ್ತು. ಬಾಗಿಲ ಒಳಗೆ ಅಜ್ಜಿ, ಬಾಗಿಲ ಹೊರಗೆ ಫೋಯಿ. ಗುಜರಾತಿಯಲ್ಲಿ ಫೋಯಿ ಅಂದರೆ ಅಪ್ಪನ ಒಡಹುಟ್ಟಿದವಳು, ನಮ್ಮ ಕಡೆಯ ಸೋದರತ್ತೆ. ನಾಲ್ಕು ವರ್ಷದವಳಿದ್ದಾಗಿನಿಂದ ನನಗೆ ಇದು ಅಭ್ಯಾಸ. ಚಪ್ಪಲಿ ಮೆಟ್ಟುವಾಗಲೇ ನಾಲಿಗೆಯನ್ನೂ ಸರಿಮಾಡಿಕೊಂಡು ಹೊರಡುತ್ತಿದ್ದೆ. ಆದರೂ ಎಲ್ಲಿ ಬಾಯಿ ತಪ್ಪುತ್ತದೋ ಎಂಬ ಅಳುಕು ಇದ್ದೇ ಇತ್ತು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಇವತ್ತಿಗೂ ಮೂರು ಸಲ ನೋಡುವವಳು ನಾನು. ಇಳಿಯುವ ಸ್ಟೇಷನ್ ಬರುವವರೆಗೂ ರೈಲಿನ ಟಿಕೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಕೂರುವವಳು. ಈ ಕಾಯಿಲೆ ಅಲ್ಲೇ ಶುರುವಾಗಿರಬೇಕು.

ಫೋಯಿ ಅನ್ನುವುದು ಸುಳ್ಳೇನೂ ಅಲ್ಲ. ಅಜ್ಜಿ ನಿಜವಾಗಿಯೂ ಅಪ್ಪನ ಅಕ್ಕ. ಅಮ್ಮನ ಅಮ್ಮನೂ ಅವಳೇ. ಅಪ್ಪ ಮದುವೆಯಾದದ್ದು ತನ್ನ ಅಕ್ಕನ ಮಗಳನ್ನು. ತಿಪಟೂರಿನ ಕಡೆ ಇದನ್ನು ಯಾರೂ ವಿಶೇಷ ಅಂತ ಎಣಿಸುವುದಿಲ್ಲ. ಹುಡುಗಿಗೆ ಸೋದರಮಾವ ಇದ್ದಾನೆ, ವಯಸ್ಸು ಹೊಂದುತ್ತದೆ ಅಂದರೆ ಮಾತು ಅರ್ಧ ಮುಗಿದ ಹಾಗೆಯೇ. ಅಮ್ಮನನ್ನು ತೊಟ್ಟಿಲಲ್ಲಿ ತೂಗಿದ್ದು ಅಪ್ಪನೇ ಎಂದು ನಮ್ಮೂರಿನ ಹೆಂಗಸರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ರೇಗಿಸುತ್ತಾರೆ. ಅದೇ ಮಾತನ್ನು ಸೂರತ್ತಿನಲ್ಲಿ ಹೇಳುವ ಹಾಗಿರಲಿಲ್ಲ.

ಅಪ್ಪನಿಗೆ ಬ್ಯಾಂಕಿನ ಕೆಲಸ. ಪಾಂಡೇಸರಾದ ಶಾಖೆಗೆ ವರ್ಗವಾಗಿ ಸೂರತ್ತಿಗೆ ಬಂದಿದ್ದೆವು. ಬಣ್ಣದ ಮಿಲ್ಲುಗಳ ಜಾಗ ಅದು. ಚರಂಡಿಯ ನೀರು ಒಂದು ದಿನ ಗುಲಾಬಿ, ಇನ್ನೊಂದು ದಿನ ನೀಲಿ. ತಾತ ತೀರಿಕೊಂಡ ಮೇಲೆ ಅಪ್ಪ ಊರಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದ. ಬಂದ ದಿನವೇ ಪಕ್ಕದ ಮನೆಯವರು ನೋಡಲು ಬಂದರು. ಅಪ್ಪ ತನ್ನ ಮುರುಕು ಹಿಂದಿಯಲ್ಲಿ ಹೆಮ್ಮೆಯಿಂದ, ನನ್ನ ಅಕ್ಕ, ನನ್ನನ್ನು ಸಾಕಿದವಳು ಅಂದ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಚಹಾ ಹಿಡಿದುಕೊಂಡು ಬಂದು, ನನ್ನ ಮಮ್ಮಿ ಅಂದಳು. ಬಂದಿದ್ದಾಕೆ ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿದರಂತೆ. ಇಲ್ಲಿ ಮಾಮಾ, ನಮ್ಮ ಸೋದರಮಾವ, ಅಂದರೆ ಅಕ್ಕತಂಗಿಯರ ಮಗಳ ಮದುವೆಗೆ ಸೀರೆ, ಒಡವೆಯ ಮಾಮೇರು ಎಂಬ ಉಡುಗೊರೆ ಹೊತ್ತು ತರುವವನು, ತಂದೆಗೆ ಸಮ. ಅಮ್ಮನಿಗೆ ಅಷ್ಟು ಹೊತ್ತಿಗೆ ಅದು ಗೊತ್ತಿತ್ತು. ಅವಳು, ಅಲ್ಲ ಅಲ್ಲ, ಇವರ ಅಕ್ಕನೇ, ನಾನು ಪ್ರೀತಿಗೆ ಮಮ್ಮಿ ಅನ್ನುತ್ತೇನೆ ಎಂದುಬಿಟ್ಟಳು. ಭಾಷೆ ಬಾರದ ಅಜ್ಜಿ ಸುಮ್ಮನೆ ನಗುತ್ತ ಕೂತಿದ್ದಳು. ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದರೆ, ಆಗ್ಲಿ ಬಿಡು, ಎರಡೂ ನಾನೇ ತಾನೆ ಅಂದಳಂತೆ.

ಅಲ್ಲಿಂದ ಅದೇ ನಡೆದುಕೊಂಡು ಬಂತು. ಮನೆಯಲ್ಲಿ ಅಮ್ಮ ಅಪ್ಪನನ್ನು ಹಳೇ ಅಭ್ಯಾಸದಂತೆ ಮಾವ ಎಂದು ಕರೆದರೆ, ಹೊರಗೆ ರೀ. ಅಜ್ಜಿ ಮನೆಯಲ್ಲಿ ಅಮ್ಮನನ್ನು ಮಗಳೇ ಅನ್ನುತ್ತಿದ್ದಳು, ಬಾಗಿಲ ಹೊರಗೆ ಹೆಸರು ಹಿಡಿದು ಕರೆಯುತ್ತಿದ್ದಳು. ವಟ್ವಾದ ಶಾಖೆಗೆ ಅಪ್ಪನಿಗೆ ವರ್ಗವಾಗಿ ನಾವು ಅಹಮದಾಬಾದಿನ ನವರಂಗಪುರಕ್ಕೆ ಬಂದಾಗ ಎಲ್ಲ ಸಾಮಾನಿನ ಜೊತೆ ಆ ಫೋಯಿಯೂ ಬಂದಳು. ಬೇಡ, ಹೊಸ ಜಾಗದಲ್ಲಾದರೂ ನಿಜ ಹೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ಬರುತ್ತಿರಲಿಲ್ಲ. ಅಪ್ಪನಂತೂ ಇಂಥ ವಿಷಯ ಬಂದರೆ ಪೇಪರಿನ ಹಿಂದೆ ಅಡಗಿ ಕೂರುವ ಮನುಷ್ಯ.

ಇಂಥ ಮನೆಯಿಂದ ಬಂದವಳು ನಾನು ಓದಲು ಆರಿಸಿಕೊಂಡದ್ದು ಏನು? ವಡೋದರದಲ್ಲಿ ಪುರಾತತ್ವ ಮತ್ತು ಮಾನವಶಾಸ್ತ್ರ. ಒಂದರಲ್ಲಿ ಸತ್ತವರ ಗುಟ್ಟು ಅಗೆಯುವುದು, ಇನ್ನೊಂದರಲ್ಲಿ ಬದುಕಿರುವವರದು. ನನಗೆ ಆಗ ಮಡಕೆ ಚೂರುಗಳ ಹುಚ್ಚು ಮಾತ್ರ ಇತ್ತು. ಇನ್ನೊಂದು ಆಸೆ, ಆ ಕೋರ್ಸಿನಲ್ಲಿ ಮೂರನೆಯ ವರ್ಷವನ್ನು ಇಬ್ಬರು ವಿದ್ಯಾರ್ಥಿಗಳು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಕಳೆಯಬಹುದಿತ್ತು. ಇಡೀ ತರಗತಿಗೆ ಎರಡೇ ಜಾಗ. ಎರಡನೆಯ ವರ್ಷದ ಫೀಲ್ಡ್ ನೋಟ್‌ಬುಕ್ ನೋಡಿ ಆರಿಸುತ್ತಾರೆ ಎಂದು ಗೊತ್ತಾದ ದಿನದಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಆ ನೋಟ್‌ಬುಕ್ಕಿನ ಮೊದಲ ಕೆಲಸವೇ ಸ್ವಂತ ಕುಟುಂಬದ ಚಾರ್ಟು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ಗಂಡಹೆಂಡಿರ ನಡುವೆ ಎರಡು ಅಡ್ಡಗೆರೆ, ಅವರ ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ, ಒಡಹುಟ್ಟಿದವರಿಗೆ ಮೇಲಿನಿಂದ ಹಾಯುವ ಗೆರೆ, ಸತ್ತವರ ಮೇಲೆ ಒಂದು ಓರೆಗೆರೆ. ಪಕ್ಕದ ಪುಟದಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ ಪಟ್ಟಿ. ನಾಲ್ಕು ತಲೆಮಾರು ಬೇಕು ಎಂದು ಮಾನವಶಾಸ್ತ್ರ ಕಲಿಸುತ್ತಿದ್ದ ಮೇಡಂ ಹೇಳಿದರು.

ಶನಿವಾರ ಇಂಟರ್‌ಸಿಟಿ ಹತ್ತಿ ಮನೆಗೆ ಬಂದೆ. ಅಜ್ಜಿಗೆ ಓದು ಬರುವುದಿಲ್ಲ, ಆದರೆ ನೆನಪು ಗಟ್ಟಿ. ನಾನು ಪುಸ್ತಕ ತೆಗೆದು ಗುಂಡು, ತ್ರಿಕೋನ ವಿವರಿಸುತ್ತಿದ್ದ ಹಾಗೇ ಅವಳು ಎದ್ದು ಹೋಗಿ ಹುಣಸೆಬೀಜ, ಕಡಲೆಕಾಳು ತಂದಳು. ಗಂಡಸರಿಗೆ ಹುಣಸೆಬೀಜ, ಹೆಂಗಸರಿಗೆ ಕಡಲೆಕಾಳು. ಹಾಲಿನ ನೆಲದ ಮೇಲೆ ಮುತ್ತಜ್ಜನಿಂದ ಹಿಡಿದು ನನ್ನವರೆಗೆ ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಹೆರಿಗೆಯಲ್ಲಿ ಹೋದವರು, ಪ್ಲೇಗಿನಲ್ಲಿ ಹೋದವರು, ಊರು ಬಿಟ್ಟು ಮತ್ತೆ ಬಾರದ ಒಬ್ಬ ದೊಡ್ಡಪ್ಪ, ಯಾರನ್ನೂ ಬಿಡಲಿಲ್ಲ. ಯಾರು ಯಾರನ್ನು ಏನೆಂದು ಕರೆಯುತ್ತಾರೆಂದು ನಾನು ಆಗಿಂದಾಗಲೇ ಪೆನ್ನಿನಲ್ಲಿ ಪಟ್ಟಿ ಬರೆದುಕೊಂಡೆ. ಕೊನೆಗೆ ತನ್ನ ಕಾಳಿನ ಕೆಳಗೆ ಅಮ್ಮನ ಕಾಳು ಇಟ್ಟು, ಅದನ್ನೇ ಬೆರಳಿನಿಂದ ಮೆಲ್ಲಗೆ ತಳ್ಳಿ ಅಪ್ಪನ ಹುಣಸೆಬೀಜದ ಪಕ್ಕಕ್ಕೆ ಸೇರಿಸಿದಳು.

“ಇಲ್ಲಿಂದ ತಗಂಡು ಇಲ್ಲಿಟ್ಟೆ ಅಷ್ಟೆ. ಎಲ್ಲೂ ಹೋಗ್ಲಿಲ್ಲ, ನನ್ನ ಕಣ್ಣೆದುರಿಗೇ ಉಳೀತು,” ಅಂದಳು.

ಅವಳ ಮುಖದಲ್ಲಿ ಎಷ್ಟು ಸಮಾಧಾನ ಇತ್ತೆಂದರೆ, ಇದರಲ್ಲಿ ಮುಚ್ಚಿಡುವುದೇನಿದೆ ಎಂದು ನನಗೂ ಅನ್ನಿಸಿಬಿಟ್ಟಿತು. ಪಟ್ಟಿ ಪೂರ್ತಿಯಾಗಿತ್ತು, ಚಾರ್ಟಿನ ಕರಡು ಪೆನ್ಸಿಲ್ಲಿನಲ್ಲಿತ್ತು. ಭಾನುವಾರ ಸಂಜೆ ಹಗುರಾಗಿ ವಡೋದರದ ರೈಲು ಹತ್ತಿದೆ.

ಸೋಮವಾರ ಬೆಳಗ್ಗೆ ಮೇಡಂ ಪಾಠ ಮಾಡಿದ್ದು ಸೋದರಸಂಬಂಧದ ಮದುವೆಗಳ ಬಗ್ಗೆ. ದಕ್ಷಿಣದಲ್ಲಿ ಕೆಲವೆಡೆ ಮಾಮಾ ತನ್ನ ಅಕ್ಕನ ಮಗಳನ್ನೇ ಮದುವೆಯಾಗುತ್ತಾನೆ ಎಂದು ಅವರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಥೇಟ್ ನನ್ನ ನೋಟ್‌ಬುಕ್ಕಿನಲ್ಲಿದ್ದ ಗೆರೆಯೇ. ಅವರ ದನಿಯಲ್ಲಿ ಹೀಯಾಳಿಕೆ ಏನೂ ಇರಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ, ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದವಳು, ಮೂಗು ಮುರಿದು, “ಛೀ, ಮಾಮಾ ಸಾಥೆ ಲಗ್ನ?” ಅಂದಳು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಅಂಥವರ ಮಕ್ಕಳು ಸರಿಯಾಗಿ ಹುಟ್ಟುತ್ತಾರಾ ಎಂದು ಒಬ್ಬ ಕೇಳಿದ. ನನಗೆ ಹುಟ್ಟಿನಿಂದ ಎಡಗೈಯ ಕಿರುಬೆರಳು ಸ್ವಲ್ಪ ಡೊಂಕು. ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡವಳು ಪಾಠ ಮುಗಿಯುವವರೆಗೂ ತೆಗೆಯಲಿಲ್ಲ.

ಚಾರ್ಟುಗಳ ಜೆರಾಕ್ಸ್ ಪ್ರತಿಗಳನ್ನು ಆ ವಾರ ಗೋಡೆಗೆ ಅಂಟಿಸುತ್ತಾರೆ, ಎಲ್ಲರೂ ಎಲ್ಲರದನ್ನೂ ನೋಡಿ ಪ್ರಶ್ನೆ ಕೇಳಬೇಕು ಎಂದು ಮೇಡಂ ಹೇಳಿದರು. ಅವತ್ತೇ ಹಾಸ್ಟೆಲಿಗೆ ಬಂದು ಪೆನ್ಸಿಲ್ ಗೆರೆಗಳನ್ನು ಅಳಿಸಿದೆ. ತಾತನನ್ನು ತೆಗೆದುಹಾಕಿ, ಅಮ್ಮನನ್ನು ಅಜ್ಜಿಯ ಕೆಳಗಿನಿಂದ ಕಿತ್ತು ದೂರ ಇಟ್ಟೆ. ಅವಳಿಗೆ ಹೊಸ ಅಪ್ಪ ಅಮ್ಮ ಬೇಕಲ್ಲ, ಒಂದು ತ್ರಿಕೋನ, ಒಂದು ವೃತ್ತ ಬರೆದೆ. ತ್ರಿಕೋನವನ್ನು ಶಿವಮೊಗ್ಗದ ಶಾಲಾಮಾಸ್ತರು ಮಾಡಿದೆ. ವೃತ್ತವನ್ನು ನಾನು ಹುಟ್ಟುವ ಮೊದಲೇ ಕಾಮಾಲೆಯಿಂದ ಸಾಯಿಸಿ ಓರೆಗೆರೆ ಎಳೆದೆ. ಸತ್ತವರಾದರೆ ಯಾರೂ ಹೆಚ್ಚು ಕೇಳುವುದಿಲ್ಲ ಎಂಬ ಲೆಕ್ಕ ನನ್ನದು. ಹುಟ್ಟೇ ಇರದ ಆ ಹೆಂಗಸಿನ ಬಗ್ಗೆ ನನಗೆ ಆಮೇಲಾಮೇಲೆ ಪಾಪ ಅನ್ನಿಸುತ್ತಿತ್ತು, ಅದು ಬೇರೆ ಮಾತು. ಆದರೆ ನನ್ನ ಸ್ವಂತ ಅಜ್ಜಿ ಅಪ್ಪನ ಪಕ್ಕ ಒಂಟಿ ವೃತ್ತವಾಗಿ ಉಳಿದದ್ದು ಆಗ ಕಣ್ಣಿಗೇ ಬೀಳಲಿಲ್ಲ. ಪಟ್ಟಿಯ ಪುಟ ಪೆನ್ನಿನಲ್ಲಿತ್ತು, ಅಲ್ಲಿನ ಕನ್ನಡದ ಮಾತುಗಳು ಇಲ್ಲಿ ಯಾರಿಗೆ ತಿಳಿಯುತ್ತವೆ ಎಂದು ಅದನ್ನು ಹಾಗೇ ಬಿಟ್ಟೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಉಸಿರು ಬಿಟ್ಟು, ಒಳ್ಳೇದಾಯ್ತು ಅಂದಳು. ಅಜ್ಜಿಗೆ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಳ್ಳಲಿಲ್ಲ, ಆದರೂ ಹೇಳಲಿಲ್ಲ.

ಮೇಡಂಗೆ ನನ್ನ ಚಾರ್ಟು ಹಿಡಿಸಿತು. ಗೆರೆಗಳು ಸ್ವಚ್ಛವಾಗಿವೆ, ಎಲ್ಲೂ ಗೋಜಲಿಲ್ಲ ಅಂದರು. ಗೋಜಲು ತೆಗೆಯಲು ಪಟ್ಟ ಕಷ್ಟ ನನಗೇ ಗೊತ್ತು.

ಆ ಚಳಿಗಾಲ ಕಛ್ ಕಡೆಯ ಒಂದು ದಿಬ್ಬದಲ್ಲಿ ನಮಗೆ ಉತ್ಖನನದ ತರಬೇತಿ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳನ್ನು ನೋಡಿ ಗ್ರಾಫ್ ಹಾಳೆಯ ಮೇಲೆ ಬರೆಯಬೇಕು. ಅಗೆತ ನೋಡಿಕೊಳ್ಳುತ್ತಿದ್ದ ಸರ್ ಅದರಲ್ಲಿ ಬಹಳ ಕಟ್ಟುನಿಟ್ಟು. ಪದರ ಕಂಡರೆ ಗಟ್ಟಿ ಗೆರೆ, ಕಾಣದೆ ಅಂದಾಜಾದರೆ ಚುಕ್ಕಿ ಗೆರೆ. ಕಾಣದ್ದನ್ನು ಗಟ್ಟಿಯಾಗಿ ಎಳೆದವರು ಬೇರೆ ಕೆಲಸ ಹುಡುಕಿಕೊಳ್ಳಿ ಎಂದು ಮೊದಲ ದಿನವೇ ಹೇಳಿದ್ದರು. ನಾನು ಅಲ್ಲಿ ಹೆದರಿಕೆಯಿಂದ ಅರ್ಧ ಹಾಳೆಯನ್ನು ಚುಕ್ಕಿಯಲ್ಲೇ ತುಂಬಿಸಿದೆ. ಸರ್ ಅದನ್ನು ಎತ್ತಿ ಹಿಡಿದು, ಪ್ರಾಮಾಣಿಕತೆ ಅಂದರೆ ಇದು ಎಂದು ಎಲ್ಲರಿಗೂ ತೋರಿಸಿದರು. ನನ್ನ ಮುಖ ಹುಳ್ಳಗಾಯಿತು. ವಡೋದರದ ಗೋಡೆಯ ಮೇಲಿದ್ದ ಚಾರ್ಟಿನಲ್ಲಿ ಒಂದೇ ಒಂದು ಚುಕ್ಕಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಆಯ್ಕೆ ಪಟ್ಟಿ ಬಂತು. ಇಬ್ಬರಲ್ಲಿ ನಾನೂ ಒಬ್ಬಳು. ಅಪ್ಪ ವಟ್ವಾದಿಂದ ಬರುವಾಗ ಪೇಡಾ ತಂದ. ಎದುರು ಫ್ಲ್ಯಾಟಿನ ಹೆಂಗಸು, ನಾವು ಅಲ್ಲಿಯ ರೂಢಿಯಂತೆ ಬೆನ್ ಎನ್ನುತ್ತಿದ್ದವರು, ಬಂದು, ಫೋಯಿಬಾ ಅವರ ಆಶೀರ್ವಾದ ಫಲಿಸಿತು ಅಂದರು. ಇಲ್ಲಿ ಮಗುವಿಗೆ ಹೆಸರಿಡುವವಳು ಫೋಯಿಯೇ ಆದ್ದರಿಂದ ನಮ್ಮ ಅಜ್ಜಿಗೆ ಆ ಮಹಡಿಯಲ್ಲಿ ಒಳ್ಳೆಯ ಮರ್ಯಾದೆ ಇತ್ತು. ನಾನು ಪೇಡಾ ತಿಂದು ಸಿಹಿಯ ಜೊತೆ ಭಯವನ್ನೂ ನುಂಗಿದೆ. ಆಯ್ಕೆಯಾದವರ ನೋಟ್‌ಬುಕ್ಕುಗಳನ್ನು ಇಂಗ್ಲೆಂಡಿಗೆ ಕಳಿಸುತ್ತಾರೆ ಎಂದು ಅವತ್ತೇ ತಿಳಿದಿತ್ತು.

ಅಲ್ಲಿಗೆ ಹೋಗಿ ಇಳಿದ ಮೇಲೆ ಮೊದಲ ಒಂದು ತಿಂಗಳು ನಾನು ಹೆದರದ ವಸ್ತು ಇರಲಿಲ್ಲ. ರೂಮಿನ ಹೀಟರ್, ಬೆಂಕಿಯ ಅಲಾರಂ, ಬಸ್ಸಿನವನ ಉಚ್ಚಾರಣೆ, ತನ್ನಿಂದ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳು. ಎರಡು ಸಲ ಬೀಗದಕೈ ಒಳಗೇ ಬಿಟ್ಟು ಹೊರಗೆ ನಿಂತಿದ್ದೆ. ಒಗ್ಗರಣೆ ಹಾಕಿದರೆ ಅಲಾರಂ ಹೊಡೆದುಕೊಳ್ಳುತ್ತದೆಂದು ಉಪ್ಪಿನಕಾಯಿ, ಮೊಸರನ್ನದಲ್ಲಿ ಕಾಲ ಕಳೆದೆ. ಮಳೆಯಲ್ಲಿ ಸುಣ್ಣದ ಮಣ್ಣು ಅಗೆದು ಬೂಟಿನ ತುಂಬ ಕೆಸರು ಮಾಡಿಕೊಂಡು ಬರುವ ದಿನಗಳಲ್ಲಿ ಮಾತ್ರ ಖುಷಿಯಾಗಿದ್ದೆ. ಗುಂಡಿಯೊಳಗೆ ಯಾರೂ ಮನೆಯ ವಿಷಯ ಕೇಳುವುದಿಲ್ಲ.

ಮಾನವಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಬೆಳ್ಳಿಕೂದಲಿನ ಹೆಂಗಸು. ಅಕ್ಟೋಬರ್‌ನಲ್ಲಿ ಒಂದು ದಿನ ನನ್ನನ್ನು ರೂಮಿಗೆ ಕರೆದರು. ಮೇಜಿನ ಮೇಲೆ ನನ್ನ ನೋಟ್‌ಬುಕ್ ತೆರೆದಿತ್ತು. ಎಡಗಡೆ ಚಾರ್ಟು, ಬಲಗಡೆ ಪಟ್ಟಿ. ಕೂರಲು ಹೇಳಿ, ಅಪ್ಪನ ಅಣ್ಣನ ತ್ರಿಕೋನದ ಮೇಲೆ ಪೆನ್ಸಿಲ್ ತುದಿ ಇಟ್ಟರು. ಆಮೇಲೆ ಕನ್ನಡದಲ್ಲಿ ಮಾತಾಡಿದರು.

“ಇವ್ರು ನಿಮ್ಮಮ್ಮಂಗೆ ಭಾವ ಆಗ್ಬೇಕಲ್ವಾ? ಪಟ್ಟೀಲಿ ದೊಡ್ಡಮಾವ ಅಂತ ಯಾಕೆ ಬರ್ದಿದೀರಿ?”

ಚಿಕ್ಕಂದಿನಲ್ಲಿ ಯಾರಾದರೂ ಕಂಡುಹಿಡಿದಾರು ಎಂದು ಸೂರತ್ತಿನಲ್ಲಿ ಹೆದರಿದ್ದೆ, ಅಹಮದಾಬಾದಿನಲ್ಲಿ ಹೆದರಿದ್ದೆ. ಸಿಕ್ಕಿಬಿದ್ದದ್ದು ಏಳು ಸಮುದ್ರದ ಆಚೆ, ಅದೂ ಹಳ್ಳಿಯ ಕನ್ನಡದಲ್ಲಿ. ಹರೆಯದಲ್ಲಿ ಅವರು ಮಂಡ್ಯದ ಕಡೆಯ ಒಂದು ಊರಿನಲ್ಲಿ ಎರಡು ವರ್ಷ ಇದ್ದರಂತೆ. ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು.

ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಪಟ್ಟಿಯಲ್ಲಿ ನನ್ನಮ್ಮ ಗಂಡನ ಅಣ್ಣಂದಿರನ್ನೆಲ್ಲ ಮಾವ ಎನ್ನುತ್ತಾಳೆ. ಗಂಡನ ಅಕ್ಕನನ್ನು ಅತ್ತಿಗೆ ಎನ್ನದೆ ಅಮ್ಮ ಎನ್ನುತ್ತಾಳೆ. ಪಟ್ಟಿಯೂ ಚಾರ್ಟೂ ಒಂದೇ ಮನೆಯದಲ್ಲ. ಎರಡರಲ್ಲಿ ಒಂದನ್ನು ನಾನು ಕಟ್ಟಿದ್ದೇನೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಕುಟುಂಬದ ವಿಷಯ ಬರೆಯಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎಂದು ಬರೆಯಬಹುದಿತ್ತು, ಆದರೆ ಇಲ್ಲದ ಮನುಷ್ಯರನ್ನು ಬರೆಯುವ ಹಾಗಿಲ್ಲ ಅಂದರು. ಗುರುವಾರದೊಳಗೆ ಸರಿಯಾದ ಚಾರ್ಟು ಮತ್ತು ನಡೆದದ್ದರ ಬಗ್ಗೆ ಒಂದು ಪತ್ರ ಕೊಡಬೇಕು. ಎರಡನ್ನೂ ವಡೋದರಕ್ಕೆ ಕಳಿಸುತ್ತಾರೆ. ನಾನು ವರ್ಷ ಮುಗಿಸಬೇಕೋ, ವಾಪಸು ಹೋಗಬೇಕೋ, ಅಲ್ಲಿಯವರ ತೀರ್ಮಾನ.

ವಡೋದರಕ್ಕೆ ಕಳಿಸಿದರೆ ಮೇಡಂ ಓದುತ್ತಾರೆ. ಇಡೀ ವಿಭಾಗಕ್ಕೆ ಗೊತ್ತಾಗುತ್ತದೆ. ಅಲ್ಲಿ ಓದುವವರಲ್ಲಿ ಅರ್ಧ ಜನ ಅಹಮದಾಬಾದಿನವರು. ಅಲ್ಲಿಂದ ನವರಂಗಪುರದ ನಮ್ಮ ಮಹಡಿಗೆ ಸುದ್ದಿ ಬರಲು ಎಷ್ಟು ಹೊತ್ತು? ಕೊಡದಿದ್ದರೆ ಮರುವಾರವೇ ವಿಮಾನ. ಎರಡು ದಿನ ಬರೇ ಬ್ರೆಡ್ ತಿಂದೆ.

ಮಂಗಳವಾರ ಬೆಳಗ್ಗೆ ಮನೆಗೆ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತು. ಅಮ್ಮ ಕೇಳಿಸಿಕೊಂಡು ಬೆಳ್ಳಗಾದಳು. ಅಲ್ಲಿಯವರಿಗೆ ಹೇಳಿದರೆ ಹೇಳು, ವಡೋದರಕ್ಕೆ ಮಾತ್ರ ಕಳಿಸಬೇಡ ಅನ್ನು, ಕೈ ಮುಗಿದು ಕೇಳು ಅಂದಳು. ಅದು ಆಗುವ ಮಾತಲ್ಲ ಎಂದೆ. ಹಾಗಾದರೆ ಬಂದುಬಿಡು, ಓದಿದ್ದು ಸಾಕು ಅಂದಳು. ನನಗೂ ಸಿಟ್ಟು ಬಂತು. ನೀನು ಅವತ್ತು ಚಹಾ ತಂದು ಕೊಟ್ಟು ಸುಮ್ಮನಿದ್ದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದು ಅಂದುಬಿಟ್ಟೆ. ಅನ್ನಬಾರದಿತ್ತು. ಅಮ್ಮನ ಕಣ್ಣು ತುಂಬಿತು.

ಅಷ್ಟರಲ್ಲಿ ಅಜ್ಜಿ ಬಂದು ಫೋನ್ ಇಸಿದುಕೊಂಡಳು. ಏನು ಜಗಳ, ಅದೇನು ಚಾರ್ಟು, ತೋರಿಸು ಅಂದಳು. ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಪ್ರೊಫೆಸರ್ ಮಾಡಿಕೊಟ್ಟಿದ್ದ ಜೆರಾಕ್ಸನ್ನು ಕ್ಯಾಮೆರಾದ ಮುಂದೆ ಹಿಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಗುಂಡು, ತ್ರಿಕೋನ ಅವಳಿಗೆ ಮರೆತಿರಲಿಲ್ಲ. ನಿಮ್ಮಪ್ಪ ಯಾವುದು ಅಂದಳು, ಬೆರಳಿಟ್ಟು ತೋರಿಸಿದೆ. ಹಾಗಾದ್ರೆ ಪಕ್ಕದ ಗುಂಡು ನಾನು ಅಂದಳು. ಹೌದು ಎಂದೆ. ಅವಳು ತುಂಬ ಹೊತ್ತು ಆ ಜಾಗವನ್ನೇ ನೋಡಿದಳು.

“ನನ್ನ ಕೆಳಗೆ ಯಾರೂ ಇಲ್ವಲ್ಲೇ,” ಅಂದಳು.

ನಿಮ್ಮಮ್ಮ ಎಲ್ಲಿ ಎಂದು ಕೇಳಿದಳು. ಹಾಳೆಯ ಆಚೆ ತುದಿಯಲ್ಲಿದ್ದ ವೃತ್ತವನ್ನು ತೋರಿಸಿದೆ. ಅದರ ಮೇಲಿನ, ಓರೆಗೆರೆ ಎಳೆದ ಇನ್ನೊಂದು ವೃತ್ತದ ಮೇಲೆ ಅವಳ ಕಣ್ಣು ನಿಂತಿತು. ಇವಳ್ಯಾರು ಅಂದಳು. ನಾನು ಹಾಳೆಯನ್ನು ಕೆಳಗಿಟ್ಟೆ. ಅಜ್ಜಿ ಮತ್ತೆ ಕೇಳಲಿಲ್ಲ, ಬೈಯಲೂ ಇಲ್ಲ. ಊಟ ಮಾಡಿದ್ಯಾ, ಚಳಿ ಐತಾ ಎಂದು ವಿಚಾರಿಸಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋದಳು. ಅಮ್ಮ ನನ್ನ ಮುಖ ನೋಡದೆ, ನಿಂಗೆ ಸರಿ ಅನ್ಸಿದ್ದು ಮಾಡು ಎಂದು ಫೋನ್ ಇಟ್ಟಳು.

ಅವತ್ತೇ ಹೊಸ ಹಾಳೆ ತೆಗೆದುಕೊಂಡೆ. ಶಿವಮೊಗ್ಗದ ಮಾಸ್ತರು, ಅವರ ಹೆಂಡತಿ ಇಬ್ಬರೂ ಹೋದರು. ಅಜ್ಜಿಯ ಪಕ್ಕದಲ್ಲಿ ತಾತ ಬಂದ. ಅಜ್ಜಿಯ ವೃತ್ತದಿಂದ ಕೆಳಗೆ ಗೆರೆ ಎಳೆದು ಅಮ್ಮನನ್ನು ಬರೆದೆ, ಅಲ್ಲಿಂದ ಇನ್ನೊಂದು ಗೆರೆಯನ್ನು ಓರೆಯಾಗಿ ಮೇಲಕ್ಕೆ ತಂದು ಅಪ್ಪನಿಗೆ ಸೇರಿಸಿದೆ. ಚಾರ್ಟು ಗೋಜಲಾಯಿತು. ಸ್ವಚ್ಛ ಮಾಡಲು ಹೋಗಲಿಲ್ಲ. ಪತ್ರದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ನಾಚಿಕೆಯಾಯಿತು, ಹೆದರಿಕೆಯಾಯಿತು, ಅದಕ್ಕೇ ಮಾಡಿದೆ ಎಂದು ಮುಗಿಸಿದೆ. ಬುಧವಾರವೇ ಪ್ರೊಫೆಸರ್ ಬಾಗಿಲಿನ ಕೆಳಗೆ ತೂರಿಸಿ ಬಂದೆ. ಗುರುವಾರದವರೆಗೆ ಇಟ್ಟುಕೊಂಡಿದ್ದರೆ ಹರಿದು ಹಾಕುತ್ತಿದ್ದೆನೇನೋ.

ವಡೋದರದ ಉತ್ತರ ಬರಲು ಚಳಿಗಾಲವೆಲ್ಲ ಹಿಡಿಯಿತು. ದಿನಕ್ಕೆ ಹತ್ತು ಸಲ ಮೇಲ್ ನೋಡುತ್ತಿದ್ದೆ. ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳದೆ ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದೆ, ಹೇಗೂ ಹೋಗಬೇಕಾದವಳು ಎಂದು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ತಿಂಗಳುಗಳಲ್ಲಿ ಮನೆಗೆ ಫೋನ್ ಮಾಡಿದರೆ ಅಮ್ಮ ಹವಾಮಾನ ಬಿಟ್ಟು ಬೇರೆ ಏನೂ ಮಾತಾಡುತ್ತಿರಲಿಲ್ಲ. ಕೊನೆಗೆ ಫೆಬ್ರವರಿಯಲ್ಲಿ ಮೇಡಂ ಬರೆದರು. ನೋಟ್‌ಬುಕ್ಕಿಗೆ ಸೊನ್ನೆ ಅಂಕ, ಬಂದ ಮೇಲೆ ಅದೇ ಪೇಪರನ್ನು ಮತ್ತೆ ಮಾಡಬೇಕು, ವರ್ಷ ಮುಗಿಸಿಕೊಂಡು ಬರಬಹುದು. ಕೆಳಗೆ ಇನ್ನೊಂದು ಸಾಲು ಇತ್ತು: ಅವತ್ತು ತರಗತಿಯಲ್ಲಿ ನಕ್ಕವರನ್ನು ನಾನು ತಡೆಯಬೇಕಿತ್ತು. ಅದನ್ನು ಓದಿ ಅತ್ತೆ. ಆಮೇಲೆ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದೆ.

ಜೂನ್‌ನಲ್ಲಿ ಅಹಮದಾಬಾದಿಗೆ ಬಂದು ಇಳಿದಾಗ ಬಿಸಿಲು ಮುಖಕ್ಕೆ ರಾಚುತ್ತಿತ್ತು. ಮನೆಯಲ್ಲಿ ದೇವರ ಗೂಡಿನ ಪಕ್ಕ ಬ್ರಾಹ್ಮಿ ಎಣ್ಣೆಯ ಬಾಟಲಿ ಇತ್ತು. ಇದೇನು ಎಂದರೆ ಅಮ್ಮ ಮಾತು ಹಾರಿಸಿದಳು. ಅಪ್ಪ ಪೇಪರಿನ ಹಿಂದಿನಿಂದಲೇ ಹೇಳಿದ. ಆ ಫೋನಿನ ಮಾರನೆಯ ದಿನದಿಂದ ಅಜ್ಜಿ ಹೊರಗೆ ಯಾರು ಫೋಯಿಬಾ ಅಂದರೂ ತಲೆಯಾಡಿಸಿ, ನಾನಿ, ನಾನಿ ಎನ್ನತೊಡಗಿದ್ದಳಂತೆ. ಗುಜರಾತಿಯಲ್ಲಿ ಅಮ್ಮನ ಅಮ್ಮನಿಗೆ ಆ ಮಾತು; ಕೆಲಸಕ್ಕೆ ಬರುವವಳಿಂದ ಕೇಳಿ ಕಲಿತಿದ್ದಳು. ಮಹಡಿಯವರೆಲ್ಲ ಮುದುಕಿಗೆ ಅರಳುಮರಳು ಶುರುವಾಯಿತು, ತಮ್ಮನ ಮಗಳನ್ನು ಮೊಮ್ಮಗಳು ಅನ್ನುತ್ತಿದೆ ಎಂದು ಮರುಗಿದ್ದರು. ಎದುರು ಫ್ಲ್ಯಾಟಿನ ಬೆನ್ ತಾವಾಗಿ ಎಣ್ಣೆ ತಂದುಕೊಟ್ಟಿದ್ದರು. ಅಮ್ಮ ಅದನ್ನು ಇಸಿದುಕೊಂಡು ಥ್ಯಾಂಕ್ಸ್ ಹೇಳಿದ್ದಳು.

ಇಷ್ಟು ತಿಂಗಳು ಅಮ್ಮ ಆ ಎಣ್ಣೆಯನ್ನು ಅಜ್ಜಿಯ ತಲೆಗೆ ತಟ್ಟುತ್ತಲೂ ಇದ್ದಳು. ಅಜ್ಜಿ ತಟ್ಟಿಸಿಕೊಳ್ಳುತ್ತಲೂ ಇದ್ದಳು. ನನಗೆ ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಹಾಳೆಯ ಮೇಲೆ ನಾನು ಮಾಡಿದ್ದೂ ಅದನ್ನೇ.

ಬಂದ ಮೂರನೆಯ ದಿನ ಅಜ್ಜಿ, ಅಮ್ಮ, ನಾನು ಮೂವರೂ ತರಕಾರಿ ತರಲು ಹೋಗಿದ್ದೆವು. ವಾಪಸು ಬಂದಾಗ ಲಿಫ್ಟಿನಲ್ಲಿ ಆ ಬೆನ್ ಸಿಕ್ಕರು. ನನ್ನ ಗಲ್ಲ ಸವರಿ, ಅಜ್ಜಿಯ ಕಡೆ ಬಾಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಫೋಯಿಬಾ, ಯಾರು ಬಂದಿದ್ದಾರೆ ನೋಡಿದಿರಾ, ನಿಮ್ಮ ತಮ್ಮನ ಮಗಳು ಅಂದರು. ಅಜ್ಜಿ ತರಕಾರಿ ಚೀಲವನ್ನು ಎದೆಗವಚಿಕೊಂಡು, “ನಾನಿ,” ಅಂದಳು. ಬೆನ್ ಅಮ್ಮನನ್ನು ನೋಡಿ, ಪಾಪ, ಎಣ್ಣೆ ಹಚ್ಚುತ್ತಿದ್ದೀರಿ ತಾನೇ, ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದರು.

ನಾನು ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತೆ. ಲಿಫ್ಟು ಎರಡನೆಯ ಮಹಡಿ ದಾಟಿತು. ಅಮ್ಮ ಹೂಂ ಅನ್ನುತ್ತಾಳೆ, ಯಾವಾಗಲೂ ಹಾಗೇ ಅಲ್ಲವೇ ಎಂದುಕೊಂಡೆ. ಆದರೆ ಅಮ್ಮ ಗುಜರಾತಿಯಲ್ಲಿ, ಬಹಳ ವೇಗವಾಗಿ, ಉಸಿರು ತೆಗೆದುಕೊಳ್ಳದೆ ಮಾತಾಡಿದಳು. ಅವರಿಗೆ ಮರೆವಿಲ್ಲ. ಅವರು ಇವರ ಅಕ್ಕ, ನನ್ನನ್ನು ಹೆತ್ತವರು. ನನ್ನ ಗಂಡ ನನಗೆ ಮಾಮಾ ಆಗಬೇಕು. ನಮ್ಮ ಕಡೆ ಹಾಗೆ ಮದುವೆ ಮಾಡುತ್ತಾರೆ. ನಾನೇ ಸುಳ್ಳು ಹೇಳಿದ್ದೆ.

ಬೆನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನನ್ನ ಎಡಗೈ ಹಿಂದಕ್ಕೆ ಹೋಗುವುದರಲ್ಲಿತ್ತು, ಹಾಗೇ ಬಿಟ್ಟೆ. ಲಿಫ್ಟಿನ ಬಾಗಿಲು ತೆರೆಯಿತು. ಅಚ್ಛಾ ಎಂದಷ್ಟೇ ಹೇಳಿ ಅವರು ತಮ್ಮ ಮನೆಯೊಳಗೆ ಹೋದರು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಮುಂದೆ ಏನು ಮಾಡುತ್ತಾರೋ, ಯಾರಿಗೆ ಹೇಳುತ್ತಾರೋ ನಮಗೆ ಗೊತ್ತಿರಲಿಲ್ಲ.

ಅಮ್ಮ ಬಾಗಿಲಿಗೆ ತಪ್ಪು ಬೀಗದಕೈ ತೂರಿಸುತ್ತಿದ್ದಳು. ಅಷ್ಟು ವೇಗದ ಗುಜರಾತಿ ಅಜ್ಜಿಗೆ ಎಲ್ಲಿಂದ ತಿಳಿಯಬೇಕು? ಎದುರುಮನೆಯವಳು ಏನಂದ್ಲು ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದಳು ಅಮ್ಮ.

“ನೀನೇನಂದೆ?”

ಅಮ್ಮ ಬಾಗಿಲ ಕಡೆಯೇ ನೋಡುತ್ತಿದ್ದಳು. ಅದನ್ನು ಗುಜರಾತಿಯಲ್ಲಿ ಹೇಳುವುದೇ ಸುಲಭವಿತ್ತೆಂದು ಕಾಣುತ್ತದೆ.

“ನೀನು ನನ್ನಮ್ಮ ಅಂದೆ.”

ಅಜ್ಜಿ ಎದೆಗವಚಿಕೊಂಡಿದ್ದ ಚೀಲವನ್ನು ಮುಂದೆ ಚಾಚಿ, “ಇದನ್ನ ಹಿಡ್ಕೋ ಮಗಳೇ, ಕೈ ನೋಯ್ತೈತೆ,” ಅಂದಳು. ನಾವಿನ್ನೂ ಬಾಗಿಲ ಹೊರಗೇ ಇದ್ದೆವು.